ಕೆನಡಾದಲ್ಲಿ ಎರಡು ಮೂರು ಕಡೆ ದುಡಿಯುವವರ ತೆರಿಗೆ ಲೆಕ್ಕ

ಬೆಳಗ್ಗೆ ಕಾಫಿ ಅಂಗಡಿ, ಸಂಜೆ ಗೋದಾಮು, ವಾರಾಂತ್ಯದಲ್ಲಿ ಊಟದ ಡೆಲಿವರಿ. ವರ್ಕ್ ಪರ್ಮಿಟ್ ಹಿಡಿದು ಕೆನಡಾದಲ್ಲಿರುವ ಅನೇಕರ ವಾರ ಹೀಗೇ ತುಂಬುತ್ತದೆ. ಓದಿಗೆ ತಕ್ಕ ಪೂರ್ಣಾವಧಿ ಕೆಲಸ ಸಿಗುವವರೆಗೆ ಬಾಡಿಗೆಯಂತೂ ಕಟ್ಟಲೇಬೇಕಲ್ಲ. ತೊಡಕು ಇರುವುದು ದುಡಿಮೆಯಲ್ಲಿ ಅಲ್ಲ, ಲೆಕ್ಕದಲ್ಲಿ. ಕಾಫಿ ಅಂಗಡಿಗೆ ಗೋದಾಮಿನ ಸಂಬಳ ಗೊತ್ತಿಲ್ಲ, ಗೋದಾಮಿಗೆ ಕಾಫಿ ಅಂಗಡಿಯದು ಗೊತ್ತಿಲ್ಲ. ನಿಮಗೆ ತನ್ನದೊಂದೇ ಕೆಲಸ ಇರುವುದೆಂಬ ಲೆಕ್ಕದಲ್ಲಿ ಇಬ್ಬರೂ ತೆರಿಗೆ ಹಿಡಿಯುತ್ತಾರೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ಕೂಡಿಸುವುದು ಸಿಆರ್‌ಎ, ಅಂದರೆ ಕೆನಡಾದ ಕಂದಾಯ ಸಂಸ್ಥೆ. ಅದೂ ವರ್ಷ ಮುಗಿದು, ನೀವು ರಿಟರ್ನ್ ಸಲ್ಲಿಸಿದ ಮೇಲೆ. ಅಲ್ಲಿಯವರೆಗೆ ಕೂಡಿಸುವವರು ನೀವು ಒಬ್ಬರೇ.

ಕೆಳಗೆ ಕೊಟ್ಟಿರುವ ತೆರಿಗೆಯ ಅಂಕಿಗಳು 2025ರವು. ಉದಾಹರಣೆಗೆ ಒಂಟಾರಿಯೊ ಪ್ರಾಂತ್ಯವನ್ನು ತೆಗೆದುಕೊಂಡಿದ್ದೇನೆ. ಕ್ವಿಬೆಕ್‌ನಲ್ಲಿ ಇರುವವರು ಒಂದು ಮಾತು ನೆನಪಿಟ್ಟುಕೊಳ್ಳಬೇಕು: ಅಲ್ಲಿ ಪ್ರಾಂತ್ಯಕ್ಕೇ ಪ್ರತ್ಯೇಕ ಕಂದಾಯ ಕಚೇರಿ, ಪ್ರತ್ಯೇಕ ರಿಟರ್ನ್, ಪ್ರತ್ಯೇಕ ಪಿಂಚಣಿ ಯೋಜನೆ ಇವೆ. ಲೆಕ್ಕದ ತತ್ವ ಒಂದೇ ಆದರೂ ಫಾರ್ಮ್‌ಗಳು ಬೇರೆ.

ಮೊದಲ ಹೆಜ್ಜೆ: ಪರ್ಮಿಟ್ ಕಾಗದವನ್ನು ಓದಿ

ಎರಡನೇ ಕೆಲಸಕ್ಕೆ ಅರ್ಜಿ ಹಾಕುವ ಮುನ್ನ ಪರ್ಮಿಟ್ ಹೊರತೆಗೆದು ಅದರ ಷರತ್ತುಗಳ ಭಾಗವನ್ನು ಒಂದು ಸಲ ನಿಧಾನವಾಗಿ ಓದಿ. ಅದರ ಮೇಲೆ ಒಂದು ಕಂಪನಿಯ ಹೆಸರು, ಹುದ್ದೆ, ಊರು ಅಚ್ಚಾಗಿದ್ದರೆ ಅದು ನಿರ್ದಿಷ್ಟ ಉದ್ಯೋಗದಾತರಿಗೆ ಕಟ್ಟಿಹಾಕಿದ ಪರ್ಮಿಟ್. ಅದರಲ್ಲಿ ಬೇರೆ ಕಡೆ ವಾರಕ್ಕೆ ನಾಲ್ಕು ಗಂಟೆಯೂ ದುಡಿಯುವಂತಿಲ್ಲ. ಡೆಲಿವರಿ ಆ್ಯಪ್ ಕೂಡ ಇಲ್ಲ. ಎರಡನೇ ಕೆಲಸ ಬೇಕೇ ಬೇಕೆಂದರೆ ಆ ಕೆಲಸಕ್ಕೂ ಪ್ರತ್ಯೇಕ ಪರ್ಮಿಟ್ ಪಡೆಯಬೇಕು.

"ಸಂಬಳ ಇಲ್ಲ, ಸುಮ್ಮನೆ ಬಂದು ಕಲಿಯಿರಿ" ಎಂದು ಕರೆಯುವವರೂ ಇದ್ದಾರೆ. ವಲಸೆ ನಿಯಮದಲ್ಲಿ ಕೆಲಸ ಎಂದರೆ ಸಂಬಳ ಅಥವಾ ಕಮಿಷನ್ ಸಿಗುವ ಚಟುವಟಿಕೆ ಮಾತ್ರವಲ್ಲ, ಅಲ್ಲಿನ ಉದ್ಯೋಗ ಮಾರುಕಟ್ಟೆಯಲ್ಲಿ ಇನ್ನೊಬ್ಬರು ಸಂಬಳಕ್ಕೆ ಮಾಡಬಹುದಾದ ಕೆಲಸಕ್ಕೆ ನೇರ ಪೈಪೋಟಿಯಾಗುವ ಚಟುವಟಿಕೆಯೂ ಹೌದು. ಹೋಟೆಲಿನ ಅಡುಗೆಮನೆಯಲ್ಲಿ ಪುಕ್ಕಟೆ ಪಾತ್ರೆ ತೊಳೆದರೂ ಅದು ಕೆಲಸವೇ.

ಕಾಲೇಜು ಮುಗಿಸಿದವರಿಗೆ ಸಿಗುವ ಪಿಜಿಡಬ್ಲ್ಯುಪಿ, ಸಂಗಾತಿಯ ಆಧಾರದ ಮೇಲೆ ಸಿಗುವ ಪರ್ಮಿಟ್ ಮೊದಲಾದವು ಓಪನ್ ವರ್ಕ್ ಪರ್ಮಿಟ್‌ಗಳು. ಇವುಗಳಲ್ಲಿ ಎಷ್ಟು ಕಡೆ ದುಡಿಯಬೇಕು, ವಾರಕ್ಕೆ ಎಷ್ಟು ಗಂಟೆ ಎಂಬ ಮಿತಿ ಇಲ್ಲ. ವಾರಕ್ಕೆ 24 ಗಂಟೆ ಎಂದು ಕೇಳಿದ್ದೀರಲ್ಲ, ಅದು ಸ್ಟಡಿ ಪರ್ಮಿಟ್‌ನಲ್ಲಿ ಓದುತ್ತಾ ಕ್ಯಾಂಪಸ್ ಹೊರಗೆ ದುಡಿಯುವವರಿಗೆ ಇರುವ ಮಿತಿ. ಆದರೂ ಓಪನ್ ಎಂಬ ಹೆಸರು ನೋಡಿ ಮೈಮರೆಯಬೇಡಿ. ವೈದ್ಯಕೀಯ ತಪಾಸಣೆ ಮಾಡಿಸದೆ ಪಡೆದ ಪರ್ಮಿಟ್ ಆದರೆ ಶಿಶುಪಾಲನೆ, ಶಾಲೆ, ಆರೋಗ್ಯ ಸೇವೆಯ ಕೆಲಸ ಮಾಡುವಂತಿಲ್ಲ ಎಂಬ ಷರತ್ತು ಅದರ ಮೇಲೆ ಇರಬಹುದು. ವಾರಾಂತ್ಯಕ್ಕೆ ವೃದ್ಧಾಶ್ರಮದಲ್ಲಿ ಸಹಾಯಕರ ಕೆಲಸ ಸಿಕ್ಕಿತು ಎಂದು ಸಂತೋಷಪಡುವ ಮೊದಲು ಆ ಸಾಲು ಇದೆಯೇ ಎಂದು ನೋಡಿ.

ಅನಧಿಕೃತ ಕೆಲಸಕ್ಕೆ ತೆರಿಗೆ ಕಟ್ಟಿದರೆ ಅದು ಅಧಿಕೃತವಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಆಗುವುದಿಲ್ಲ. ತೆರಿಗೆಯ ಕಾನೂನು ಬೇರೆ, ವಲಸೆಯ ಕಾನೂನು ಬೇರೆ. ಒಂದನ್ನು ಪಾಲಿಸಿದ್ದು ಇನ್ನೊಂದಕ್ಕೆ ರಕ್ಷೆಯಲ್ಲ.

ಎರಡನೇ ಹೆಜ್ಜೆ: ಸಿನ್ ಸಂಖ್ಯೆಯ ದಿನಾಂಕ

ಸಿನ್ ಎಂದರೆ ಕೆನಡಾದಲ್ಲಿ ದುಡಿಯಲು ಬೇಕಾದ ಸಾಮಾಜಿಕ ವಿಮಾ ಸಂಖ್ಯೆ. ತಾತ್ಕಾಲಿಕ ನಿವಾಸಿಗಳ ಸಿನ್ ಸಂಖ್ಯೆ 9ರಿಂದ ಶುರುವಾಗುತ್ತದೆ, ಅದಕ್ಕೆ ಮುಕ್ತಾಯದ ದಿನಾಂಕ ಇರುತ್ತದೆ. ಎಷ್ಟೇ ಕೆಲಸ ಇದ್ದರೂ ಸಿನ್ ಒಂದೇ. ಕೆಲಸ ಶುರುವಾದ ಮೂರು ದಿನದೊಳಗೆ ಅದನ್ನು ಉದ್ಯೋಗದಾತರಿಗೆ ಕೊಡಬೇಕು. ಕೆಲಸ ಖಚಿತವಾಗುವ ಮೊದಲೇ, ಅರ್ಜಿಯ ಹಂತದಲ್ಲೇ ಕೇಳಿದರೆ ಕೊಡುವ ಅಗತ್ಯವಿಲ್ಲ.

ಪರ್ಮಿಟ್ ನವೀಕರಣವಾದಾಗ ಸಿನ್ ದಾಖಲೆ ತಾನಾಗಿಯೇ ಬದಲಾಗುವುದಿಲ್ಲ. ಹೊಸ ಪರ್ಮಿಟ್ ತೋರಿಸಿ ಸರ್ವಿಸ್ ಕೆನಡಾ ಎಂಬ ಸರ್ಕಾರಿ ಸೇವಾ ಕಚೇರಿಯಲ್ಲಿ ದಿನಾಂಕ ಬದಲಿಸಿಕೊಳ್ಳಬೇಕು. ಹಳೆಯ ಪರ್ಮಿಟ್ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೆ ಕೆನಡಾದೊಳಗೆ ಇದ್ದುಕೊಂಡು ಹಳೆಯ ಷರತ್ತಿನಂತೆಯೇ ಕೆಲಸ ಮುಂದುವರಿಸಬಹುದು. ಎರಡು ಕೆಲಸ ಇದ್ದವರು ಈ ಅರ್ಜಿಯ ರಸೀದಿಯನ್ನು ಇಬ್ಬರು ಮಾಲೀಕರಿಗೂ ಕೊಡಬೇಕು. ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಮರೆತರೆ, ಪರ್ಮಿಟ್ ಮುಗಿದ ಮರುದಿನ ಅಲ್ಲಿ ನಿಮ್ಮ ಶಿಫ್ಟ್ ರದ್ದಾಗಿರುತ್ತದೆ.

ಮೂರನೇ ಹೆಜ್ಜೆ: ಟಿಡಿ1 ಫಾರ್ಮ್

ಏಪ್ರಿಲ್‌ನಲ್ಲಿ ಸಾವಿರಾರು ಡಾಲರ್ ಬಾಕಿ ಬಂತೆಂದು ಗಾಬರಿಯಾಗುವವರಲ್ಲಿ ಹೆಚ್ಚಿನವರು ತಪ್ಪಿದ್ದು ಇಲ್ಲೇ. ಆದ್ದರಿಂದ ಈ ಹೆಜ್ಜೆಗೆ ಸ್ವಲ್ಪ ಹೆಚ್ಚು ಸಮಯ ಕೊಡಿ.

ಕೆಲಸಕ್ಕೆ ಸೇರುವ ದಿನ ಕೈಗೆ ಬರುವ ಕಾಗದಗಳ ರಾಶಿಯಲ್ಲಿ ಟಿಡಿ1 ಎಂಬ ಫಾರ್ಮ್ ಇರುತ್ತದೆ. ಒಂದು ಕೇಂದ್ರದ್ದು, ಇನ್ನೊಂದು ಪ್ರಾಂತ್ಯದ್ದು. ಮೊದಲ ಸಾಲಿನಲ್ಲೇ ಬೇಸಿಕ್ ಪರ್ಸನಲ್ ಅಮೌಂಟ್ ಎಂಬ ಮೊತ್ತ ಅಚ್ಚಾಗಿರುತ್ತದೆ. 2025ರಲ್ಲಿ ಕೇಂದ್ರಕ್ಕೆ 16,129 ಡಾಲರ್, ಒಂಟಾರಿಯೊಗೆ 12,747 ಡಾಲರ್. ವರ್ಷದ ಆದಾಯದಲ್ಲಿ ಇಷ್ಟು ಭಾಗಕ್ಕೆ ತೆರಿಗೆ ಬೀಳುವುದಿಲ್ಲ ಎಂದು ಸರಳವಾಗಿ ತಿಳಿದುಕೊಳ್ಳಿ. ನೀವು ಸಹಿ ಮಾಡಿ ಕೊಟ್ಟರೆ ಪೇರೋಲ್, ಅಂದರೆ ಮಾಲೀಕರ ಸಂಬಳ ವಿಭಾಗ, ಈ ವಿನಾಯಿತಿಯನ್ನು ವರ್ಷದ ಸಂಬಳಗಳಿಗೆಲ್ಲ ಹಂಚಿ, ಉಳಿದದ್ದಕ್ಕೆ ಮಾತ್ರ ತೆರಿಗೆ ಹಿಡಿಯುತ್ತದೆ.

ಈ ವಿನಾಯಿತಿ ಮನುಷ್ಯನಿಗೆ ಒಂದು, ಕೆಲಸಕ್ಕೆ ಒಂದಲ್ಲ. ಎರಡನೇ ಕಡೆಯೂ ಅದೇ ಫಾರ್ಮ್‌ಗೆ ಅದೇ ರೀತಿ ಸಹಿ ಹಾಕಿದರೆ ಒಂದೇ ವಿನಾಯಿತಿಯನ್ನು ಎರಡು ಸಲ ತೆಗೆದುಕೊಂಡಂತಾಯಿತು. ವರ್ಷಪೂರ್ತಿ ಯಾರೂ ಕೇಳುವುದಿಲ್ಲ. ರಿಟರ್ನ್ ತುಂಬುವಾಗ ಲೆಕ್ಕ ತಾನಾಗಿಯೇ ಹೊರಬೀಳುತ್ತದೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಒಂಟಾರಿಯೊದ ಕನಿಷ್ಠ ವೇತನ 2025ರ ಅಕ್ಟೋಬರ್ 1ರಿಂದ ಗಂಟೆಗೆ 17.60 ಡಾಲರ್. ಒಬ್ಬರು ಎರಡು ಕಡೆ ವಾರಕ್ಕೆ ಇಪ್ಪತ್ತಿಪ್ಪತ್ತು ಗಂಟೆ ಇದೇ ದರದಲ್ಲಿ ವರ್ಷಪೂರ್ತಿ ದುಡಿದರು ಎಂದಿಟ್ಟುಕೊಳ್ಳಿ. ಒಂದೊಂದು ಕಡೆಯಿಂದ ಎರಡು ವಾರಕ್ಕೊಮ್ಮೆ 704 ಡಾಲರ್, ವರ್ಷಕ್ಕೆ 18,304 ಡಾಲರ್. ಎರಡೂ ಕಡೆ ಪೂರ್ತಿ ವಿನಾಯಿತಿ ಕೇಳಿದ್ದಾರೆ. ಆಗ ಎರಡೂ ಸಂಬಳ ಚೀಟಿಗಳಲ್ಲಿ ಆದಾಯ ತೆರಿಗೆಯ ಜಾಗದಲ್ಲಿ ಸೊನ್ನೆಯೋ ಸೊನ್ನೆಯ ಆಸುಪಾಸಿನ ಅಂಕಿಯೋ ಕಾಣುತ್ತದೆ. "ಇಲ್ಲಿ ತೆರಿಗೆ ಹೆಚ್ಚು ಎನ್ನುತ್ತಾರೆ, ನನಗೇನೂ ಹಿಡಿದೇ ಇಲ್ಲವಲ್ಲ" ಎಂಬ ಸಮಾಧಾನ ಹುಟ್ಟುವುದು ಆಗಲೇ. ನಿಜದಲ್ಲಿ ಒಟ್ಟು ಆದಾಯ 36,608 ಡಾಲರ್. ಅದಕ್ಕೆ ಕೇಂದ್ರ ಮತ್ತು ಪ್ರಾಂತ್ಯ ಸೇರಿ ಸುಮಾರು 3,000 ಡಾಲರ್ ತೆರಿಗೆ ಬರುತ್ತದೆ, ಅಷ್ಟನ್ನೂ ಏಪ್ರಿಲ್‌ನಲ್ಲಿ ಒಂದೇ ಸಲ ಕಟ್ಟಬೇಕು.

ಪರಿಹಾರ ಫಾರ್ಮ್‌ನ ಎರಡನೇ ಪುಟದಲ್ಲೇ ಇದೆ. ಏಕಕಾಲಕ್ಕೆ ಒಬ್ಬರಿಗಿಂತ ಹೆಚ್ಚು ಉದ್ಯೋಗದಾತರು ಇರುವವರಿಗೆಂದೇ ಅಲ್ಲೊಂದು ಚೌಕವಿದೆ. ಹೆಚ್ಚು ಸಂಬಳ ಬರುವ ಕೆಲಸದಲ್ಲಿ ಪೂರ್ತಿ ವಿನಾಯಿತಿ ಕೇಳಿ. ಉಳಿದ ಪ್ರತಿ ಕೆಲಸದಲ್ಲೂ ಆ ಚೌಕಕ್ಕೆ ಗುರುತು ಹಾಕಿ, 13ನೇ ಸಾಲಿನಲ್ಲಿ ಸೊನ್ನೆ ಬರೆದು, 2ರಿಂದ 12ರವರೆಗಿನ ಸಾಲುಗಳನ್ನು ಖಾಲಿ ಬಿಡಿ. ಪ್ರಾಂತ್ಯದ ಫಾರ್ಮ್‌ನಲ್ಲೂ ಹೀಗೇ ಮಾಡಬೇಕು. ಕೇಂದ್ರದ್ದನ್ನು ಸರಿ ತುಂಬಿ ಪ್ರಾಂತ್ಯದ್ದನ್ನು ಹಾಗೇ ಕೊಟ್ಟುಬಿಡುವವರು ಬಹಳ. ಮೇಲಿನ ಉದಾಹರಣೆಯಲ್ಲಿ ಹೀಗೆ ಮಾಡಿದರೆ ಎರಡನೇ ಕೆಲಸದ ಪ್ರತಿ ಸಂಬಳದಿಂದ ಸುಮಾರು 120 ಡಾಲರ್ ಹಿಡಿಯುತ್ತಾರೆ. ಕೈಗೆ ಬರುವ ಹಣ ಕಡಿಮೆಯಾಯಿತು ಎಂದು ಮೊದಲ ತಿಂಗಳು ಬೇಸರವಾಗುವುದು ಸಹಜ. ವರ್ಷದ ಕೊನೆಗೆ ಆ ಮೊತ್ತ ಮೂರು ಸಾವಿರದ ಹತ್ತಿರ ಬಂದು ಲೆಕ್ಕ ಸರಿಹೋಗುತ್ತದೆ.

ಇದಕ್ಕೆ ಒಂದು ಅಪವಾದವಿದೆ. ನೀವು ನವೆಂಬರ್‌ನಲ್ಲಿ ಕೆಲಸ ಶುರುಮಾಡಿದ್ದೀರಿ, ಎಲ್ಲ ಕೆಲಸಗಳೂ ಸೇರಿ ಆ ವರ್ಷದ ಆದಾಯ ವಿನಾಯಿತಿಯ ಮೊತ್ತಕ್ಕಿಂತ ಕಡಿಮೆಯೇ ಎಂದು ಖಚಿತವಿದ್ದರೆ, ಆ ಸ್ಥಿತಿಗೆ ಬೇರೊಂದು ಚೌಕ ಇದೆ. ಅದಕ್ಕೆ ಗುರುತು ಹಾಕಿದರೆ ತೆರಿಗೆ ಹಿಡಿಯುವುದಿಲ್ಲ. ಜನವರಿ ಬಂದ ಕೂಡಲೇ ಹೊಸ ಫಾರ್ಮ್ ಕೊಡಬೇಕು, ಅಷ್ಟೇ.

ಈಗಾಗಲೇ ಎರಡೂ ಕಡೆ ಪೂರ್ತಿ ವಿನಾಯಿತಿ ಕೇಳಿ ಅರ್ಧ ವರ್ಷ ಕಳೆದಿದೆಯೇ? ಇವತ್ತೇ ಎರಡನೇ ಕಡೆಗೆ ಹೊಸ ಟಿಡಿ1 ಕೊಡಿ. ಪರಿಸ್ಥಿತಿ ಬದಲಾದಾಗ ಫಾರ್ಮ್ ಬದಲಿಸಲು ಅವಕಾಶ ಇದ್ದೇ ಇದೆ. ಹೋದ ತಿಂಗಳುಗಳ ಕೊರತೆ ತುಂಬಲು ಅದೇ ಫಾರ್ಮ್‌ನಲ್ಲಿ ಪ್ರತಿ ಸಂಬಳದಿಂದ ಇಂತಿಷ್ಟು ಹೆಚ್ಚುವರಿ ತೆರಿಗೆ ಹಿಡಿಯಿರಿ ಎಂದು ಕೇಳುವ ಜಾಗವೂ ಇದೆ. ಒಟ್ಟು ಆದಾಯ 57,375 ಡಾಲರ್ ದಾಟುವವರಿಗೂ ಈ ಜಾಗ ಉಪಯೋಗಕ್ಕೆ ಬರುತ್ತದೆ. ಆ ಗೆರೆಯ ಮೇಲಿನ ಆದಾಯಕ್ಕೆ ಕೇಂದ್ರದ ದರ ಶೇ. 20.5. ನೀವು ಎಲ್ಲಾ ಸೇರಿ ಆ ಗೆರೆ ದಾಟಿದ್ದೀರಿ ಎಂಬುದು ಎರಡೂ ಪೇರೋಲ್‌ಗಳಲ್ಲಿ ಯಾವುದಕ್ಕೂ ತಿಳಿಯುವುದಿಲ್ಲ. ಅವು ಕಡಿಮೆ ದರದಲ್ಲೇ ಹಿಡಿಯುತ್ತಾ ಹೋಗುತ್ತವೆ.

ನಾಲ್ಕನೇ ಹೆಜ್ಜೆ: ಸಂಬಳ ಚೀಟಿಯಲ್ಲಿ ಏನು ನೋಡಬೇಕು

ಮೇಲಿನ 704 ಡಾಲರ್‌ನ ಚೀಟಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಸಿಪಿಪಿ, ಅಂದರೆ ಪಿಂಚಣಿಯ ಕಡಿತ, 33.88 ಡಾಲರ್ ಇರಬೇಕು. ವರ್ಷಕ್ಕೆ 3,500 ಡಾಲರ್ ಆದಾಯಕ್ಕೆ ಸಿಪಿಪಿ ಇಲ್ಲ. ಅದನ್ನು 26 ಸಂಬಳಕ್ಕೆ ಹಂಚಿದರೆ ಪ್ರತಿ ಸಲ 134.61. ಅದನ್ನು ಕಳೆದು ಉಳಿದದ್ದಕ್ಕೆ ಶೇ. 5.95 ಹಾಕಿದರೆ ಈ ಅಂಕಿ ಬರುತ್ತದೆ. ಇಐ, ಅಂದರೆ ನಿರುದ್ಯೋಗ ವಿಮೆ, ಪೂರ್ತಿ ಸಂಬಳದ ಶೇ. 1.64: 11.55 ಡಾಲರ್. ಒಂದು ಸಲ ಕೈಯಾರೆ ಲೆಕ್ಕ ಹಾಕಿ ನೋಡಿ. ನಿಮ್ಮ ಚೀಟಿಯ ಅಂಕಿ ತಾಳೆಯಾದರೆ ಮುಂದೆ ಪ್ರತಿ ಸಲ ನೋಡುವ ಕಷ್ಟ ಬೇಡ.

ಇವಕ್ಕೆ ವರ್ಷದ ಗರಿಷ್ಠ ಮಿತಿ ಇದೆ. 2025ರಲ್ಲಿ ಸಿಪಿಪಿಗೆ 4,034.10 ಡಾಲರ್, ಇಐಗೆ 1,077.48 ಡಾಲರ್. 71,300 ಡಾಲರ್ ಮೀರಿದ ಸಂಬಳಕ್ಕೆ ಸಿಪಿಪಿಯ ಎರಡನೇ ಹಂತ ಎಂಬ ಸಣ್ಣ ಕಡಿತ ಬೇರೆ ಇದೆ. ಇಬ್ಬರು ಮಾಲೀಕರು ಪ್ರತ್ಯೇಕವಾಗಿ ಹಿಡಿಯುವುದರಿಂದ ಮಿತಿ ಮೀರುವ ಸಾಧ್ಯತೆ ಇದೆ. ಮೀರಿದ ಹಣ ರಿಟರ್ನ್ ಸಲ್ಲಿಸಿದಾಗ ವಾಪಸು ಬರುತ್ತದೆ. "ಇನ್ನೊಂದು ಕಡೆ ಹಿಡಿದಿದ್ದಾರೆ, ನೀವು ಬಿಡಿ" ಎಂದು ಎರಡನೇ ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ, ಅವರು ಹಿಡಿಯಲೇಬೇಕು. ವರ್ಷವಿಡೀ ದುಡಿದದ್ದು 2,000 ಡಾಲರ್ ಮೀರದಿದ್ದರೆ ಇಐ ಪೂರ್ತಿ ವಾಪಸು.

ಓವರ್‌ಟೈಮ್ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ಒಂಟಾರಿಯೊದಲ್ಲಿ ಸಾಮಾನ್ಯವಾಗಿ ವಾರಕ್ಕೆ 44 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ. ಆ 44 ಗಂಟೆ ಒಬ್ಬ ಮಾಲೀಕನ ಬಳಿ ದುಡಿದದ್ದು. ಎರಡು ಕಡೆ 25 ಗಂಟೆಯಂತೆ 50 ಗಂಟೆ ದುಡಿದರೆ ಮೈ ದಣಿಯುತ್ತದೆಯೇ ಹೊರತು ಓವರ್‌ಟೈಮ್ ಹುಟ್ಟುವುದಿಲ್ಲ.

ಚೀಟಿಯೇ ಕೊಡದೆ ನಗದು ಕೊಡುವ ಕಡೆಗಳ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ದೂರವಿರಿ. ನಗದು ಸಂಬಳ ಪಡೆಯುವುದೇ ಅಪರಾಧವಲ್ಲ, ಆದರೆ ಚೀಟಿ ಇಲ್ಲದ ನಗದಿನಲ್ಲಿ ಸಿಪಿಪಿ ಇಲ್ಲ, ಇಐ ಗಂಟೆಗಳಿಲ್ಲ, ಗಾಯವಾದರೆ ನೀವು ಅಲ್ಲಿ ದುಡಿಯುತ್ತಿದ್ದಿರಿ ಎಂದು ಸಾಬೀತುಪಡಿಸಲು ಕಾಗದವಿಲ್ಲ. ಮುಂದೆ ಕಾಯಂ ನಿವಾಸಕ್ಕೆ ಅರ್ಜಿ ಹಾಕುವಾಗ ಆ ಅನುಭವ ತೋರಿಸಲು ದಾರಿಯಿಲ್ಲ. ಗಂಟೆಗೆ ಎರಡು ಡಾಲರ್ ಹೆಚ್ಚು ಕೊಡುತ್ತಾರೆ ಎಂಬುದು ಇಷ್ಟಕ್ಕೆ ಸಾಟಿಯಲ್ಲ. ಮಾಲೀಕರು ಚೀಟಿ ಕೊಡಲಿ ಬಿಡಲಿ, ಆ ಆದಾಯವನ್ನು ನೀವು ರಿಟರ್ನ್‌ನಲ್ಲಿ ತೋರಿಸಲೇಬೇಕು.

ಐದನೇ ಹೆಜ್ಜೆ: ಡೆಲಿವರಿ, ಟ್ಯಾಕ್ಸಿ, ಬಿಡಿ ಕೆಲಸ

ಆ್ಯಪ್ ಮೂಲಕ ಊಟ ತಲುಪಿಸುವವರು ಯಾರ ನೌಕರರೂ ಅಲ್ಲ. ತೆರಿಗೆಯ ಕಣ್ಣಿನಲ್ಲಿ ಅವರು ಒಂದು ಸಣ್ಣ ವ್ಯಾಪಾರದ ಮಾಲೀಕರು. ಇಲ್ಲಿ ಯಾರೂ ತೆರಿಗೆ ಹಿಡಿಯುವುದಿಲ್ಲ, ವರ್ಷದ ಸಂಬಳ ಮತ್ತು ಕಡಿತಗಳ ಲೆಕ್ಕ ತೋರಿಸುವ ಟಿ4 ಚೀಟಿ ಕೊಡುವುದಿಲ್ಲ. ಆದಾಯ ಮತ್ತು ಖರ್ಚನ್ನು ಟಿ2125 ಎಂಬ ಫಾರ್ಮ್‌ನಲ್ಲಿ ನೀವೇ ತೋರಿಸಬೇಕು. ನೌಕರಿಯಲ್ಲಿ ಸಿಪಿಪಿಯ ಅರ್ಧ ಭಾಗ ಮಾಲೀಕರು ಕಟ್ಟುತ್ತಾರೆ. ಇಲ್ಲಿ ಮಾಲೀಕರೂ ನೀವೇ ಆದ್ದರಿಂದ ಎರಡೂ ಪಾಲು ನಿಮ್ಮದು, ಅಂದರೆ ಶೇ. 11.9. ಬ್ಯಾಂಕಿನಲ್ಲಿ ಒಂದು ಬೇರೆ ಉಳಿತಾಯ ಖಾತೆ ತೆರೆದು ಆ್ಯಪ್‌ನಿಂದ ಬಂದ ಹಣದ ಕಾಲು ಭಾಗವನ್ನು ವಾರವಾರವೂ ಅತ್ತ ಸರಿಸಿಬಿಡಿ. ಸಣ್ಣ ಆದಾಯದವರಿಗೆ ಇಷ್ಟು ಸಾಮಾನ್ಯವಾಗಿ ಸಾಕಾಗುತ್ತದೆ, ಉಳಿದರೆ ನಿಮ್ಮದೇ.

ಖರ್ಚು ಕಳೆಯಬೇಕೆಂದರೆ ದಾಖಲೆ ಬೇಕು. ಕಾರಿನಲ್ಲಿ ಓಡಿಸುವವರು ದಿನಾಂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್ ಎಂದು ಬರೆದಿಡಬೇಕು. ವರ್ಷದಲ್ಲಿ 20,000 ಕಿಲೋಮೀಟರ್ ಓಡಿದ ಕಾರು ಡೆಲಿವರಿಗೆ 8,000 ಓಡಿದ್ದರೆ, ಪೆಟ್ರೋಲ್, ವಿಮೆ, ರಿಪೇರಿಯ ಶೇ. 40 ಮಾತ್ರ ಖರ್ಚಾಗಿ ಕಳೆಯಬಹುದು. ಮನೆಯಿಂದ ಗೋದಾಮಿನ ನೌಕರಿಗೆ ಹೋಗಿಬಂದ ಓಡಾಟ ಇದರಲ್ಲಿ ಸೇರುವುದಿಲ್ಲ.

ಮಾರಾಟ ತೆರಿಗೆಯಲ್ಲಿ ಡೆಲಿವರಿಗೂ ಟ್ಯಾಕ್ಸಿಗೂ ದೊಡ್ಡ ವ್ಯತ್ಯಾಸವಿದೆ. ಸತತ ನಾಲ್ಕು ತ್ರೈಮಾಸಿಕಗಳಲ್ಲಿ ವ್ಯವಹಾರ 30,000 ಡಾಲರ್ ಮೀರದವರೆಗೆ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ/ಎಚ್‌ಎಸ್‌ಟಿಗೆ ನೋಂದಾಯಿಸಬೇಕಿಲ್ಲ. ಆದರೆ ಆ್ಯಪ್ ಮೂಲಕ ಪ್ರಯಾಣಿಕರನ್ನು ಕರೆದೊಯ್ಯುವವರಿಗೆ ಈ ರಿಯಾಯಿತಿ ಇಲ್ಲ, ಮೊದಲ ಸವಾರಿಯಿಂದಲೇ ನೋಂದಣಿ ಕಡ್ಡಾಯ. 2024ರಿಂದ ಇಂತಹ ವೇದಿಕೆಗಳು ತಮ್ಮ ಮೂಲಕ ಗಳಿಸುವವರ ವಿವರವನ್ನು ಸಿಆರ್‌ಎಗೆ ವರದಿ ಮಾಡುತ್ತಿವೆ. ಸಣ್ಣ ಮೊತ್ತ, ಯಾರಿಗೆ ಗೊತ್ತಾಗುತ್ತದೆ ಎನ್ನುವ ಕಾಲ ಹೋಯಿತು. ಬೇರೆಯವರ ಖಾತೆಯಲ್ಲಿ ಡೆಲಿವರಿ ಮಾಡುವ ಉಪಾಯವನ್ನಂತೂ ತಲೆಯಿಂದ ತೆಗೆದುಹಾಕಿ. ದುಡಿದವರು ನೀವು, ಆದಾಯ ಬೀಳುವುದು ಅವರ ಹೆಸರಿಗೆ, ತಕರಾರು ಬಂದಾಗ ಸಿಕ್ಕಿಬೀಳುವುದು ಇಬ್ಬರೂ.

ಅಂಗಡಿಯವರು ವೇಳಾಪಟ್ಟಿ ಹಾಕಿ, ಸಮವಸ್ತ್ರ ಕೊಟ್ಟು, ಹೇಗೆ ಕೆಲಸ ಮಾಡಬೇಕೆಂದು ಹೇಳಿ, ಕೊನೆಗೆ "ನೀವು ಕಾಂಟ್ರಾಕ್ಟರ್" ಎಂದು ಕಡಿತವಿಲ್ಲದ ಚೆಕ್ ಕೊಡುವುದೂ ಉಂಟು. ಕಾಗದದಲ್ಲಿ ಏನು ಬರೆದರೂ ವಾಸ್ತವದ ಸಂಬಂಧವೇ ಮುಖ್ಯ. ಸಂದೇಹವಿದ್ದರೆ ನೀವು ನೌಕರರೋ ಅಲ್ಲವೋ ಎಂದು ತೀರ್ಮಾನಿಸಿ ಹೇಳುವಂತೆ ಸಿಆರ್‌ಎಯನ್ನೇ ಕೇಳಬಹುದು.

ಆರನೇ ಹೆಜ್ಜೆ: ತಿಂಗಳಿಗೊಮ್ಮೆ ಕೂಡಿಸಿ

ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ ಸಾಕು. ಪ್ರತಿ ಕೆಲಸಕ್ಕೂ ಗಂಟೆ, ಒಟ್ಟು ಸಂಬಳ, ಹಿಡಿದ ತೆರಿಗೆ, ಸಿಪಿಪಿ, ಇಐ. ತಿಂಗಳ ಕೊನೆಗೆ ಅಡ್ಡಡ್ಡ ಕೂಡಿಸಿ. ಜೂನ್ ಅಂತ್ಯದ ಮೊತ್ತವನ್ನು ಎರಡರಿಂದ ಗುಣಿಸಿದರೆ ವರ್ಷದ ಅಂದಾಜು ಸಿಗುತ್ತದೆ, ತೆರಿಗೆ ಸಾಕಷ್ಟು ಹೋಗಿದೆಯೇ ಎಂದು ಆಗಲೇ ತಿಳಿಯುತ್ತದೆ.

ಗಂಟೆಗಳನ್ನು ಬರೆದಿಡಿ ಎನ್ನುವುದಕ್ಕೆ ತೆರಿಗೆಗಿಂತ ದೊಡ್ಡ ಕಾರಣವಿದೆ. ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ ಮೂಲಕ ಕಾಯಂ ನಿವಾಸ ಬಯಸುವವರಿಗೆ ಹಿಂದಿನ ಮೂರು ವರ್ಷಗಳೊಳಗೆ 1,560 ಗಂಟೆಗಳ ಕುಶಲ ಕೆಲಸದ ಅನುಭವ ಬೇಕು. ಅದನ್ನು ಒಂದಕ್ಕಿಂತ ಹೆಚ್ಚು ಅರೆಕಾಲಿಕ ಕೆಲಸಗಳಿಂದ ಕೂಡಿಸಬಹುದು. ಆದರೆ ವಾರಕ್ಕೆ 30 ಗಂಟೆಗಿಂತ ಹೆಚ್ಚು ಎಣಿಕೆಗೆ ಬರುವುದಿಲ್ಲ. 50 ಗಂಟೆ ದುಡಿದರೂ 30 ಎಂದೇ ಲೆಕ್ಕ. ಕೆಲಸಕ್ಕೆ ಬೇಕಾದ ಓದು, ತರಬೇತಿಯ ಮಟ್ಟದಂತೆ ಕೆನಡಾ ಮಾಡಿರುವ ಟಿಯರ್ ವಿಂಗಡಣೆಯಲ್ಲಿ 0, 1, 2, 3 ವರ್ಗದ ಕೆಲಸಗಳಷ್ಟೇ ಸಲ್ಲುತ್ತವೆ. ರೆಸ್ಟೋರೆಂಟಿನ ಮೇಲ್ವಿಚಾರಕರ ಗಂಟೆಗಳು ಸೇರುತ್ತವೆ, ಕ್ಯಾಷಿಯರ್‌ನವು ಸೇರುವುದಿಲ್ಲ. ಸ್ವಂತ ಉದ್ಯೋಗ ಈ ವರ್ಗದಲ್ಲಿ ಲೆಕ್ಕಕ್ಕಿಲ್ಲ, ಹಾಗಾಗಿ ಡೆಲಿವರಿಯ ಗಂಟೆಗಳೂ ಹೊರಗೆ. ಎರಡು ಕೆಲಸಗಳ ನಡುವೆ ಆಯ್ಕೆ ಬಂದಾಗ ಗಂಟೆಗೆ ಒಂದು ಡಾಲರ್ ಕಡಿಮೆಯಾದರೂ ಎಣಿಕೆಗೆ ಸಲ್ಲುವ ಕೆಲಸವನ್ನೇ ಹಿಡಿಯಿರಿ ಎಂಬುದು ನನ್ನ ಸಲಹೆ. ಬಿಡುವಾಗ ಕೆಲಸದ ಸ್ವರೂಪ, ವಾರದ ಗಂಟೆ, ಸಂಬಳ ನಮೂದಿಸಿದ ಪತ್ರ ಕೇಳಿ ಪಡೆಯಿರಿ. ಅಂಗಡಿ ಮುಚ್ಚಿದ ಮೇಲೆ ಅದನ್ನು ಬರೆದುಕೊಡಲು ಯಾರೂ ಇರುವುದಿಲ್ಲ.

ಏಳನೇ ಹೆಜ್ಜೆ: ರಿಟರ್ನ್

ಫೆಬ್ರವರಿ ಕೊನೆಯ ಹೊತ್ತಿಗೆ ಪ್ರತಿ ಮಾಲೀಕರಿಂದ ಟಿ4 ಬರಬೇಕು. ಅದರಲ್ಲಿ ನಾಲ್ಕು ಪೆಟ್ಟಿಗೆಗಳನ್ನು ನೋಡಿ: 14ರಲ್ಲಿ ಸಂಬಳ, 16ರಲ್ಲಿ ಸಿಪಿಪಿ, 18ರಲ್ಲಿ ಇಐ, 22ರಲ್ಲಿ ಹಿಡಿದ ತೆರಿಗೆ. ನಿಮ್ಮ ನೋಟ್‌ಬುಕ್ ಜೊತೆ ತಾಳೆ ನೋಡಿ. ಮಾರ್ಚ್‌ನಲ್ಲಿ ಮೂರೇ ವಾರ ದುಡಿದು ಬಿಟ್ಟ ಕೆಲಸದ ಟಿ4 ಹಳೆಯ ವಿಳಾಸಕ್ಕೆ ಹೋಗಿ ಕಳೆದುಹೋಗುವುದು ತೀರಾ ಸಾಮಾನ್ಯ. ಸಿಆರ್‌ಎಯ ಮೈ ಅಕೌಂಟ್ ಎಂಬ ಆನ್‌ಲೈನ್ ಖಾತೆಯಲ್ಲಿ ಎಲ್ಲ ಮಾಲೀಕರ ಟಿ4 ಕಾಣುತ್ತವೆ, ಅಲ್ಲಿಂದ ನೇರವಾಗಿ ರಿಟರ್ನ್‌ಗೆ ತುಂಬಿಸಿಕೊಳ್ಳುವ ಸೌಲಭ್ಯವೂ ಇದೆ. ಅದರಲ್ಲೂ ಒಂದು ಬಿಟ್ಟುಹೋಗಿರಬಹುದು, ಆಗ ನೋಟ್‌ಬುಕ್ಕೇ ಗತಿ. ಒಂದು ವರ್ಷ 500 ಡಾಲರ್ ಅಥವಾ ಹೆಚ್ಚಿನ ಆದಾಯ ಬಿಟ್ಟು, ಹಿಂದಿನ ಮೂರು ವರ್ಷಗಳಲ್ಲೊಮ್ಮೆಯೂ ಹಾಗೇ ಬಿಟ್ಟಿದ್ದರೆ ದಂಡ ಬೀಳುತ್ತದೆ.

ಕೊನೆಯ ದಿನ ಏಪ್ರಿಲ್ 30. ಸ್ವಂತ ಉದ್ಯೋಗದ ಆದಾಯ ಇರುವವರಿಗೆ ಮತ್ತು ಅವರ ಸಂಗಾತಿಗೆ ರಿಟರ್ನ್ ಸಲ್ಲಿಸಲು ಜೂನ್ 15ರವರೆಗೆ ಸಮಯವಿದೆ. ಆದರೆ ಬಾಕಿ ಹಣ ಕಟ್ಟುವ ಗಡುವು ಅವರಿಗೂ ಏಪ್ರಿಲ್ 30, ಮರುದಿನದಿಂದ ಬಡ್ಡಿ. ಕಟ್ಟಲು ಹಣವಿಲ್ಲ ಎಂದು ರಿಟರ್ನ್ ಸಲ್ಲಿಸುವುದನ್ನೇ ಮುಂದೂಡುವುದು ಅತ್ಯಂತ ದುಬಾರಿ ಸಂಕೋಚ. ತಡವಾದರೆ ಬಾಕಿಯ ಶೇ. 5, ಜೊತೆಗೆ ಪ್ರತಿ ಪೂರ್ತಿ ತಿಂಗಳಿಗೆ ಶೇ. 1ರಂತೆ ಹನ್ನೆರಡು ತಿಂಗಳವರೆಗೆ ದಂಡ. ಸಮಯಕ್ಕೆ ಸಲ್ಲಿಸಿದರೆ ಈ ದಂಡ ಇಲ್ಲ, ಬಡ್ಡಿ ಮಾತ್ರ. ಕಂತಿನಲ್ಲಿ ಕಟ್ಟುವ ಏರ್ಪಾಟಿಗೆ ಸಿಆರ್‌ಎಯನ್ನು ಕೇಳಬಹುದು.

ಕೆನಡಾಕ್ಕೆ ಬಂದ ಮೊದಲ ವರ್ಷದವರು ಬಂದ ದಿನಾಂಕವನ್ನು ನಮೂದಿಸಬೇಕು. ಆ ವರ್ಷ ವಿನಾಯಿತಿ ಬಂದ ನಂತರದ ದಿನಗಳಿಗೆ ತಕ್ಕಷ್ಟೇ ಸಿಗಬಹುದು. ತೆರಿಗೆಯ ಲೆಕ್ಕದಲ್ಲಿ ನಿವಾಸಿಯಾದ ದಿನದಿಂದ ಪ್ರಪಂಚದ ಯಾವ ಮೂಲೆಯಿಂದ ಬಂದ ಆದಾಯವನ್ನಾದರೂ ಅಲ್ಲಿ ತೋರಿಸಬೇಕು. ಊರಿನ ಮನೆಯ ಬಾಡಿಗೆ, ಬ್ಯಾಂಕ್ ಠೇವಣಿಯ ಬಡ್ಡಿ ಎಲ್ಲವೂ ಇದರಲ್ಲಿ ಸೇರುತ್ತವೆ. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಆದ್ದರಿಂದ ಕೆನಡಾದಲ್ಲೂ ಇಲ್ಲ ಎಂದುಕೊಂಡವರು ಬಹಳ ಮಂದಿ. ಕೆನಡಾದಲ್ಲಿ ಅದಕ್ಕೆ ತೆರಿಗೆ ಇದೆ. ಭಾರತದಲ್ಲಿ ಈಗಾಗಲೇ ಕಟ್ಟಿದ ತೆರಿಗೆ ಇದ್ದರೆ ಟಿ2209 ಫಾರ್ಮ್ ಮೂಲಕ ಸಾಮಾನ್ಯವಾಗಿ ಅದರ ಲಾಭ ಪಡೆಯಬಹುದು.

ಪಿಜಿಡಬ್ಲ್ಯುಪಿಯವರಿಗೆ ಒಂದು ಸಿಹಿ ಸುದ್ದಿ: ಕೆನಡಾದ ಕಾಲೇಜಿಗೆ ಕಟ್ಟಿದ ಶುಲ್ಕ. ಕಾಲೇಜು ಕೊಡುವ ಟಿ2202 ಶುಲ್ಕ ಚೀಟಿಗಳಲ್ಲಿರುವ ಬಳಕೆಯಾಗದ ಶುಲ್ಕದ ಮೊತ್ತ ಮುಂದಿನ ವರ್ಷಗಳಿಗೆ ಉಳಿದುಕೊಂಡು, ದುಡಿಮೆ ಶುರುವಾದಾಗ ಕೇಂದ್ರದ ತೆರಿಗೆಯನ್ನು ಇಳಿಸುತ್ತದೆ. ಆದಾಯವೇ ಇಲ್ಲವಲ್ಲ ಎಂದು ಓದುವ ವರ್ಷಗಳಲ್ಲಿ ರಿಟರ್ನ್ ಸಲ್ಲಿಸದವರು ಆ ಹಳೆಯ ವರ್ಷಗಳ ರಿಟರ್ನ್ ಈಗ ಸಲ್ಲಿಸಬೇಕು. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಶುಲ್ಕ ಎಷ್ಟೆಂದು ಕಟ್ಟಿದವರಿಗೇ ಗೊತ್ತು. ಮೇಲಿನ ಉದಾಹರಣೆಯ 3,000 ಡಾಲರ್ ಬಾಕಿಯಲ್ಲಿ ದೊಡ್ಡ ಪಾಲು ಇದರಲ್ಲೇ ಕರಗಬಹುದು.

ಕಡಿಮೆ ಆದಾಯದವರಿಗೆ ಬರುವ ಜಿಎಸ್‌ಟಿ/ಎಚ್‌ಎಸ್‌ಟಿ ಕ್ರೆಡಿಟ್ ತಾತ್ಕಾಲಿಕ ನಿವಾಸಿಗಳಿಗೂ ಸಿಗುತ್ತದೆ. ಹೊಸಬರು ಆರ್‌ಸಿ151 ಫಾರ್ಮ್ ಕೊಟ್ಟು ಶುರುಮಾಡಿಸಿಕೊಳ್ಳಬೇಕು, ಮುಂದುವರಿಯಬೇಕೆಂದರೆ ಪ್ರತಿ ವರ್ಷ ರಿಟರ್ನ್ ಸಲ್ಲಿಸುತ್ತಿರಬೇಕು. ಲೆಕ್ಕ ಸರಳವಾಗಿದ್ದು ಆದಾಯ ಕಡಿಮೆ ಇದ್ದರೆ ಸಿಆರ್‌ಎ ಬೆಂಬಲದ ಸ್ವಯಂಸೇವಕರ ಶಿಬಿರಗಳಲ್ಲಿ ಪುಕ್ಕಟೆ ರಿಟರ್ನ್ ತುಂಬಿಸಿಕೊಡುತ್ತಾರೆ. ಎರಡು ಟಿ4 ಇರುವುದು ಸರಳ ಲೆಕ್ಕವೇ, ಸ್ವಂತ ಉದ್ಯೋಗ ಸೇರಿದರೆ ಮಾತ್ರ ಅವರು ಸಾಮಾನ್ಯವಾಗಿ ಕೈಹಾಕುವುದಿಲ್ಲ.

ಎಂಟನೇ ಹೆಜ್ಜೆ: ಒಂದು ಕೆಲಸ ಬಿಡುವಾಗ

ಮುಂದೆ ಏನು ಮಾಡಬೇಕು ಎಂಬುದು ಬಿಟ್ಟ ಕೆಲಸ ಯಾವುದು ಎಂಬುದರ ಮೇಲೆ ನಿಂತಿದೆ. ವಿನಾಯಿತಿ ಕೇಳಿದ್ದ ಮುಖ್ಯ ಕೆಲಸವನ್ನೇ ಬಿಟ್ಟರೆ ಉಳಿದ ಕಡೆ ಹೊಸ ಟಿಡಿ1 ಕೊಟ್ಟು ವಿನಾಯಿತಿಯನ್ನು ಅಲ್ಲಿಗೆ ತನ್ನಿ, ಇಲ್ಲದಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ತೆರಿಗೆ ಹೋಗುತ್ತಿರುತ್ತದೆ. ಆರ್‌ಒಇ ಎಂಬ ಉದ್ಯೋಗ ದಾಖಲೆಯನ್ನು ಮಾಲೀಕರು ಸರ್ವಿಸ್ ಕೆನಡಾಕ್ಕೆ ಕಳುಹಿಸಿದ್ದಾರೆಯೇ ಎಂದು ನೋಡಿ. ಮುಂದೆ ಇನ್ನೊಂದು ಕೆಲಸವೂ ಹೋದರೆ ಇಐಗೆ ಎರಡೂ ಕಡೆಯ ಗಂಟೆಗಳು ಕೂಡುತ್ತವೆ. ಪ್ರದೇಶದ ನಿರುದ್ಯೋಗ ದರಕ್ಕೆ ತಕ್ಕಂತೆ ಸಾಮಾನ್ಯವಾಗಿ 420ರಿಂದ 700 ಗಂಟೆ ಬೇಕು. ಆಗ ಪ್ರತಿ ಕೆಲಸದ ಆರ್‌ಒಇ ಕೇಳುತ್ತಾರೆ, ಸ್ವಇಚ್ಛೆಯಿಂದ ಬಿಟ್ಟ ಕೆಲಸಕ್ಕೆ ಕಾರಣವನ್ನೂ ಕೇಳುತ್ತಾರೆ. ಬಾಕಿ ರಜೆ ವೇತನ ಕೊನೆಯ ಚೀಟಿಯಲ್ಲಿ ಬಂದಿದೆಯೇ ನೋಡಿ, ಟಿ4 ಬರಬೇಕಾದ ಹೊಸ ವಿಳಾಸ ಕೊಟ್ಟು ಬನ್ನಿ.

ರಿಟರ್ನ್ ಸಲ್ಲಿಸಿದ ಮೇಲೆ ಸಿಆರ್‌ಎಯಿಂದ ಬರುವ ನೋಟಿಸ್ ಆಫ್ ಅಸೆಸ್‌ಮೆಂಟ್ ಎಂಬ ತೆರಿಗೆ ನಿರ್ಣಯ ಪತ್ರವನ್ನು ಟಿ4, ಸಂಬಳ ಚೀಟಿ, ಕಿಲೋಮೀಟರ್ ಪುಸ್ತಕದ ಜೊತೆ ಇಡಿ. ತೆರಿಗೆ ವರ್ಷ ಮುಗಿದ ಮೇಲೆ ಆರು ವರ್ಷ ಇಡಬೇಕು ಎಂಬುದು ನಿಯಮ. 2025ರ ಕಾಗದಗಳನ್ನು 2031ರ ಡಿಸೆಂಬರ್ ಮುಗಿಯುವವರೆಗೆ ಎಸೆಯಬೇಡಿ.